ಸುಲಿತ ಮುಗಿದರೆ ಸೊಂಟನೋವೂ ಮುಗಿಯುತ್ತದೆಯೇ?

ಶಿರಸಿಯಲ್ಲಿ ಫಿಸಿಯೋಥೆರಪಿ ಮಾಡುವವರಿಗೆ ಡಿಸೆಂಬರ್, ಜನವರಿ ಬಿಡುವಿಲ್ಲದ ತಿಂಗಳುಗಳು. ಅಡಿಕೆಯ ಕೊನೆಕೊಯ್ಲು, ಅಂದರೆ ಗೊನೆ ಇಳಿಸುವುದು, ಶುರುವಾದ ಮೇಲೆ ಹಸಿ ಅಡಿಕೆಯನ್ನು ಬೇಗ ಸುಲಿದು ಬೇಯಿಸಬೇಕಾದ ಆತುರವಿರುವುದರಿಂದ, ಚಪ್ಪರದಡಿ ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರು ಏಳುವುದು ರಾತ್ರಿಗೇ. ಸುಲಿಯುವ ಯಂತ್ರ ಬಂದ ಮನೆಗಳೂ ಈಗ ಇವೆ, ಆದರೆ ನಮ್ಮ ವಿಭಾಗದ ಬಾಗಿಲಲ್ಲಿ ಸೊಂಟ ಹಿಡಿದುಕೊಂಡು ನಿಲ್ಲುವವರ ಸಾಲು ಅದರಿಂದ ಕಡಿಮೆಯಾದದ್ದು ನನಗೆ ಕಂಡಿಲ್ಲ. ಹದಿಮೂರು ವರ್ಷ ಈ ಸಾಲಿಗೆ ಶಾಖ ಕೊಟ್ಟಿದ್ದೇನೆ, ಸಣ್ಣಗೆ ವಿದ್ಯುತ್ ಹರಿಸಿ ನೋವು ತಗ್ಗಿಸುವ, ಜನ ‘ಕರೆಂಟು’ ಎನ್ನುವ ಐಎಫ್‌ಟಿ ಕೊಟ್ಟಿದ್ದೇನೆ, ವ್ಯಾಯಾಮ ಹೇಳಿಕೊಟ್ಟಿದ್ದೇನೆ. ಶಿವರಾತ್ರಿಯ ಹೊತ್ತಿಗೆ ಬಹುತೇಕರು ಹಗುರಾಗಿ ಓಡಾಡುವುದನ್ನು ಕಂಡು, ನನ್ನ ಕೈಗುಣ ಒಳ್ಳೆಯದೆಂದು ನಂಬಿಯೂ ಇದ್ದೆ.

ಪಿಎಚ್‌.ಡಿ. ಪ್ರಸ್ತಾವವನ್ನು ಮಾರ್ಗದರ್ಶಕರ ಮುಂದಿಟ್ಟ ದಿನ ಆ ನಂಬಿಕೆ ಅಲ್ಲಾಡಿತು. ‘ಸುಲಿತ ಮುಗಿಯುವುದು ಯಾವ ತಿಂಗಳಲ್ಲಿ?’ ಎಂದು ಕೇಳಿದರು. ಫೆಬ್ರವರಿ ಕೊನೆಗೆ ಎಂದೆ. ‘ನಿಮ್ಮ ರೋಗಿಗಳು ಗುಣವಾಗುವುದು?’ ಎಂದರು, ನಾನು ಸುಮ್ಮನಾದೆ. ಬೆನ್ನು ಬಗ್ಗಿಸುವ ಕೆಲಸವೇ ನಿಂತ ಮೇಲೆ ಸೊಂಟ ತಾನಾಗಿ ಸಡಿಲಾಗುವುದರಲ್ಲಿ ಆಶ್ಚರ್ಯವೇನಿದೆ? ಇದಲ್ಲದೆ, ಜನ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ನೋವು ತಾರಕಕ್ಕೇರಿದಾಗ. ಏರಿಳಿಯುವ ಸ್ವಭಾವದ ಯಾವ ನೋವನ್ನೇ ಆಗಲಿ, ಅದರ ತುದಿಯಲ್ಲಿ ಒಮ್ಮೆ ಅಳೆದು, ಮೂರು ವಾರ ಬಿಟ್ಟು ಮತ್ತೆ ಅಳೆದರೆ, ಚಿಕಿತ್ಸೆ ಇರಲಿ ಇಲ್ಲದಿರಲಿ, ಎರಡನೆಯ ಅಂಕ ಕಡಿಮೆ ಬರುವ ಸಂಭವವೇ ಹೆಚ್ಚು. ಸಂಖ್ಯಾಶಾಸ್ತ್ರದವರು ಇದನ್ನು ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿಯಾದ ಎಂಪಿಟಿ ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಮಾತು ನನ್ನದೇ ಕೇಸ್ ಶೀಟುಗಳೊಳಗೆ ಅಡಗಿದೆಯೆಂದು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಈಗಾಗಲೇ ಡಾಕ್ಟರು ಎನಿಸಿಕೊಂಡವಳಿಗೆ ಮತ್ತೆ ಇದೆಂಥ ಡಾಕ್ಟರೇಟು ಎಂದು ನಮ್ಮ ಅತ್ತೆಯವರು ಕೇಳಿದ್ದುಂಟು. ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದಲ್ಲಿ ಈ ವೃತ್ತಿಗೆ ಕಾಲಿಡುವ ಪದವಿಯೇ ಡಿಪಿಟಿ ಎಂಬ ಡಾಕ್ಟರೇಟು. ಹಳೆಯ ಪದವಿಯಲ್ಲಿ ಕೆಲಸಕ್ಕೆ ಸೇರಿದವರು ತಮಗೆಂದೇ ರೂಪಿಸಿದ ಪೂರಕ ಕೋರ್ಸ್ ಮುಗಿಸಿ ಅದನ್ನು ಪಡೆಯುತ್ತಾರೆ. ಅದು ಚಿಕಿತ್ಸೆಗೆ ಸಂಬಂಧಿಸಿದ ಪದವಿ. ನಮ್ಮಲ್ಲಿ ಎಂಪಿಟಿಯ ಮೇಲಿರುವ ಪಿಎಚ್‌.ಡಿ. ಸಂಶೋಧನೆಯದು, ಅದನ್ನು ಪಡೆದ ಮಾತ್ರಕ್ಕೆ ಬೆನ್ನು ನೋಡುವ ಕೈ ಚುರುಕಾಗುವುದಿಲ್ಲ. ಯುಜಿಸಿಯ 2022ರ ನಿಯಮಾವಳಿಯಂತೆ ಅವಧಿ ಕನಿಷ್ಠ 3 ವರ್ಷ, ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಕೆಲಸದಲ್ಲಿದ್ದುಕೊಂಡೇ ಅರೆಕಾಲಿಕವಾಗಿ ಓದಬಹುದು, ಆದರೆ ಕೆಲಸ ಮಾಡುವ ಸಂಸ್ಥೆಯ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಬೇಕು. ಅಗತ್ಯಬಿದ್ದರೆ ಕೋರ್ಸ್‌ವರ್ಕ್‌ಗೆಂದು ಕರ್ತವ್ಯದಿಂದ ಬಿಡುಗಡೆ ಮಾಡುವುದಾಗಿ ಅದರಲ್ಲಿ ಬರೆದುಕೊಡಬೇಕು. ನಾನು ದುಡಿಯುವ ಕಡೆ ಆ ಒಂದು ವಾಕ್ಯಕ್ಕೆ ನಾಲ್ಕು ತಿಂಗಳು ಹಿಡಿಯಿತು. ಉಳಿದದ್ದು ಬೆಳಗಿನ ಹುಬ್ಬಳ್ಳಿ ಬಸ್ಸು, ಮುಂಡಗೋಡಿನವರೆಗೆ ನಿದ್ದೆ, ಅಲ್ಲಿಂದಾಚೆಗೆ ಓದು. ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಹೇಳಬೇಕಾದದ್ದು ಕುರ್ಚಿಯ ವಿಷಯ. ಸೊಂಟನೋವಿನಿಂದಾಗುವ ಅಡಚಣೆಯನ್ನು ಅಳೆಯಲು ಲೋಕವೆಲ್ಲ ಬಳಸುವ ಆಸ್ವೆಸ್ಟ್ರಿ ಸೂಚ್ಯಂಕ 1980ರಲ್ಲಿ ಪ್ರಕಟವಾದದ್ದು. ಅದರಲ್ಲಿ ಹತ್ತು ವಿಭಾಗಗಳು, ಪ್ರತಿಯೊಂದಕ್ಕೂ ಸೊನ್ನೆಯಿಂದ 5ರವರೆಗೆ ಅಂಕ. ಐದನೆಯ ವಿಭಾಗ ಕೂರುವುದಕ್ಕೆ ಸಂಬಂಧಿಸಿದ್ದು, ಮತ್ತು ಅಲ್ಲಿ ಕೂರುವುದೆಂದರೆ ಕುರ್ಚಿಯಲ್ಲಿ ಕೂರುವುದು. ಯಾವ ಕುರ್ಚಿಯಲ್ಲಾದರೂ ಎಷ್ಟು ಹೊತ್ತಾದರೂ ಕೂರಬಲ್ಲಿರಾ ಎಂದು ನಾನು ಓದಿ ಹೇಳಿದಾಗ, ನಲವತ್ತು ದಾಟಿದ ಒಬ್ಬ ಹೆಂಗಸು ನಕ್ಕು, ‘ಕುರ್ಚಿ ಇರೋದು ಬಂದವರಿಗೆ ಅಕ್ಕಾ, ನಾವ್ಯಾಕೆ ಅದರ ಮೇಲೆ ಕೂರೋದು?’ ಎಂದಳು. ಅವಳು ಕೂರುವುದು ಗೇಣೆತ್ತರವೂ ಇಲ್ಲದ ಮಣೆಯ ಮೇಲೆ. ಹೆಸರೇ ಹೇಳುವಂತೆ ಕಾಲಿನಿಂದ ಮೆಟ್ಟಿ ಹಿಡಿದ ಕತ್ತಿ ಎದುರಿಗಿರುತ್ತದೆ. ಒಂದೊಂದು ಕಾಯಿಗೂ ನಡು ಮುಂದಕ್ಕೆ ಬಾಗಿ, ಸಿಪ್ಪೆ ಎಳೆಯುವಾಗ ತುಸು ಪಕ್ಕಕ್ಕೆ ತಿರುಗುತ್ತದೆ. ಇದ್ಯಾವುದನ್ನೂ ಆ ಪ್ರಶ್ನೆ ಕೇಳುವುದಿಲ್ಲ. ಎಂಟನೆಯ ವಿಭಾಗ ದಾಂಪತ್ಯಕ್ಕೆ ಸೇರಿದ್ದು. ಪರದೆಯ ಆಚೆ ಅವಳ ಮೈದುನ ನಿಂತಿರುವಾಗ ನಾನದನ್ನು ಕೇಳಲಿಲ್ಲ. ಒಂದು ವಿಭಾಗ ಬಿಟ್ಟರೆ 50ರ ಬದಲು 45ಕ್ಕೆ ಲೆಕ್ಕ ಹಾಕಬಹುದು. ಕುರ್ಚಿಯನ್ನೂ ಬಿಟ್ಟರೆ, ಅವಳ ನೋವಿನ ಮೂಲವನ್ನೇ ಬಿಟ್ಟಂತೆ. ಆದ್ದರಿಂದ ಮೂಲದ ಅಂಕಗಳನ್ನು ಹಾಗೆಯೇ ಉಳಿಸಿಕೊಂಡು, ಮಣೆಯ ಮೇಲೆ ಕೂರುವುದರ ಬಗ್ಗೆ ಬೇರೆಯೇ ಪ್ರಶ್ನೆಗಳನ್ನು ರೂಪಿಸುವುದು ನನ್ನ ಪ್ರಬಂಧದ ಮೊದಲ ಅಧ್ಯಾಯವಾಯಿತು.

ಒಪ್ಪಿಗೆ ಪತ್ರ ನಾನು ಎಣಿಸಿದ್ದಕ್ಕಿಂತ ಕಷ್ಟದ್ದು. ಓದು ಬಾರದವರಿಗೆ ಪಕ್ಷಪಾತವಿಲ್ಲದ ಸಾಕ್ಷಿಯ ಎದುರು ಎಲ್ಲವನ್ನೂ ಓದಿ ಹೇಳಿ ಹೆಬ್ಬೆಟ್ಟು ಪಡೆಯಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿ. ಅಂಗಳದಲ್ಲಿ ಓದುಬಲ್ಲ ಸಾಕ್ಷಿಯೆಂದರೆ ಹೆಚ್ಚಾಗಿ ತೋಟದ ಯಜಮಾನರೇ. ಕೂಲಿ ಕೊಡುವವರ ಮುಂದೆ ‘ಇಷ್ಟವಿಲ್ಲದಿದ್ದರೆ ಬೇಡವೆನ್ನಿ’ ಎಂದು ಓದುವುದರಲ್ಲಿ ಅರ್ಥವಿಲ್ಲ. ಕೊನೆಗೆ ಊರಿನ ಆಶಾ ಕಾರ್ಯಕರ್ತೆಯರನ್ನು ಕೇಳಿಕೊಂಡೆ. ಅಡಿಕೆಯ ಚೊಗರು ಹತ್ತಿ ಕಪ್ಪಾದ ಹೆಬ್ಬೆರಳಿಗೆ ಶಾಯಿ ಹಚ್ಚಿದ್ದೇವೋ ಇಲ್ಲವೋ ಎಂದು ಗೊತ್ತಾಗದೆ ಎರಡೆರಡು ಬಾರಿ ಒತ್ತಿಸಿದ್ದೂ ಇದೆ.

ಋತುವಿನ ಪ್ರಭಾವವನ್ನೂ ನನ್ನ ಚಿಕಿತ್ಸೆಯ ಪ್ರಭಾವವನ್ನೂ ಬೇರ್ಪಡಿಸಲು ಎರಡು ಗುಂಪುಗಳು ಬೇಕು. ಎರಡನ್ನೂ ಅದೇ ವಾರಗಳಲ್ಲಿ ಅಳೆಯಬೇಕು. ಮೊದಲು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಚೀಟಿ ಎತ್ತಿ ಹಂಚಲು ಹೊರಟಿದ್ದೆ. ಒಂದೇ ಅಂಗಳದಲ್ಲಿ ಮೊಣಕೈ ತಾಗಿಸಿಕೊಂಡು ಕೂತವರಲ್ಲಿ ಒಬ್ಬಳಿಗೆ ಕಲಿಸಿದ್ದನ್ನು ಪಕ್ಕದವಳು ನೋಡಿಯೇ ಕಲಿಯುತ್ತಾಳೆಂಬುದು ಆಗ ತಲೆಗೆ ಬಂದಿರಲಿಲ್ಲ. ಹಾಗಾಗಿ ಅಂಗಳಗಳನ್ನೇ ಹಂಚಬೇಕಾಯಿತು. ಹೀಗೆ ಮಾಡಿದರೆ ಹೆಚ್ಚು ಜನ ಬೇಕಾಗುವುದರಿಂದ ಒಂದು ಋತು ಸಾಲದೆ ಎರಡು ಬೇಕಾಯಿತು. ಮೊದಲ ಗುಂಪಿಗೆ ಎತ್ತರದ ಮಣೆ, ಅರ್ಧ ಗಂಟೆಗೊಮ್ಮೆ ಎದ್ದು ನಡುವನ್ನು ಹಿಂದಕ್ಕೆ ಬಾಗಿಸುವ ಅಭ್ಯಾಸ. ಎರಡನೆಯ ಗುಂಪಿಗೆ ಅದೇ ಪಾಠ ಸುಲಿತ ಮುಗಿದ ಮೇಲೆ. ಹದಿಮೂರು ವರ್ಷ ನೋವೆಂದವರ ಮೈ ಮುಟ್ಟಿ ನೋಡಿದವಳಿಗೆ, ನೋವಿನ ಅಂಕವನ್ನಷ್ಟೇ ಬರೆದುಕೊಂಡು ಎದ್ದು ಬರುವುದು ಸುಲಭವಲ್ಲ.

ಕಳೆದ ಜನವರಿಯಲ್ಲಿ ಎರಡನೆಯ ಗುಂಪಿನ ಒಂದು ಅಂಗಳದಿಂದ ಹೊರಡುವಾಗ ಒಬ್ಬಳು, ‘ಆಚೆ ಮನೇಲಿ ಏನೋ ಹೇಳ್ಕೊಟ್ರಂತೆ, ನಮಗೇನೂ ಇಲ್ವಾ ಅಕ್ಕಾ?’ ಎಂದು ಕೇಳಿದಳು. ಒಪ್ಪಿಗೆ ಪಡೆಯುವಾಗ ಹೇಳಿದ್ದನ್ನೇ ಮತ್ತೆ ಹೇಳಿದೆ: ಶಿವರಾತ್ರಿ ಆಗಲಿ, ನಿಮಗೂ ಕಲಿಸುತ್ತೇನೆ. ಅವಳು ಏನೂ ಹೇಳದೆ ಒಳಗೆ ಹೋಗಿ, ಇನ್ನೊಂದು ಮಣೆ ತಂದು, ಮೊದಲಿನದರ ಮೇಲಿಟ್ಟು ಕೂತಳು. ನಾನು ರಿಜಿಸ್ಟರ್ ತೆರೆದು ಅವಳ ಸಂಖ್ಯೆಯ ಮುಂದೆ ದಿನಾಂಕ ಹಾಕಿ, ‘ಎರಡು ಮಣೆ’ ಎಂದು ಬರೆದುಕೊಂಡೆ.