ರಸ್ತೆ ಅಷ್ಟೇ

"ಅಲ್ಲಿಂದ ಏನೂ ಕಾಣಲ್ಲ ಮೇಡಂ. ರಸ್ತೆ ಅಷ್ಟೇ."

ಸೋಮವಾರ ರಾತ್ರಿ ಹೋಟೆಲಿನ ರಿಸೆಪ್ಷನ್‌ನಲ್ಲಿದ್ದ ಹುಡುಗ ಹೇಳಿದ ಮಾತು. ಇವತ್ತು ಶನಿವಾರ. ಊರಿಗೆ ಬಂದು ಎರಡು ದಿನವಾಯಿತು, ಪಾತ್ರೆ ತೊಳೆಯುವಾಗಲೂ ಕಿವಿಯಲ್ಲಿ ಅದೇ ಮಾತು.

ಹೋಗಿದ್ದು ಅಮ್ಮನ ಕಣ್ಣಿನ ಪೊರೆ ತೆಗೆಸೋಕೆ. ಮಂಗಳವಾರ ಆಪರೇಷನ್, ಬುಧವಾರ ಪಟ್ಟಿ ಬಿಚ್ಚೋದು, ಗುರುವಾರ ಇನ್ನೊಂದು ಸಲ ತೋರಿಸಿ ವಾಪಸ್. ಮೂರು ರಾತ್ರಿಗೆ ಆಸ್ಪತ್ರೆಯ ಹತ್ತಿರ ಒಂದು ರೂಮ್ ಬೇಕಿತ್ತು. ಬಾಲ್ಕನಿ ಇರುವ ರೂಮೇ ಬೇಕು ಅಂತ ನಾನು ಹಟ ಹಿಡಿದೆ. ಅಣ್ಣ ಫೋನಿನಲ್ಲಿ, "ಮಲಗೋಕೆ ತಾನೇ ರೂಮು? ಬಾಲ್ಕನಿ ಕಟ್ಕೊಂಡು ಏನ್ಮಾಡ್ತೀಯ?" ಅಂದ. ಅಣ್ಣ ಕೆಟ್ಟವನಲ್ಲ, ಆಪರೇಷನ್ ಖರ್ಚೆಲ್ಲ ಅವನದೇ. ಆದರೆ ಇಡೀ ದಿನ ಒಂದೇ ಕಡೆ ಕೂತಿರುವವರ ದಿನ ಎಷ್ಟು ಉದ್ದ ಅನ್ನೋದು ಅವನಿಗೆ ಗೊತ್ತಿಲ್ಲ. ಬೆಳಿಗ್ಗೆ ಎದ್ದು ಹೊರಗೆ ಹೋಗಿ ಕತ್ತಲಾದ ಮೇಲೆ ಬರುವ ಗಂಡಸರಿಗೆ ಇದು ಗೊತ್ತಾಗೋದು ತಡ. ಅಮ್ಮ ಬಗ್ಗುವ ಹಾಗಿಲ್ಲ, ತಲೆಗೆ ನೀರು ಹಾಕಿಕೊಳ್ಳುವ ಹಾಗಿಲ್ಲ, ಧೂಳಿಗೆ ಹೋಗುವ ಹಾಗಿಲ್ಲ. ಓದೋಣ ಅಂದರೆ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ. ಅಂಥವಳನ್ನು ನಾಲ್ಕು ಗೋಡೆಯ ನಡುವೆ ಕೂರಿಸಿದರೆ ಅವಳು ಮಾಡೋದು ಒಂದೇ, ಚಿಂತೆ.

ಒಂದು ವಾರ ಹುಡುಕಿ ಬುಕ್ ಮಾಡಿದ್ದೆ. 'ಬಾಲ್ಕನಿ, ಸಿಟಿ ವ್ಯೂ' ಅಂತ ಬರೆದಿತ್ತು. ಫೋಟೋದಲ್ಲಿ ಬಿಳಿ ಪರದೆ, ಎರಡು ಕುರ್ಚಿ, ಆಚೆ ಸಂಜೆಯ ಆಕಾಶ. ಏಳನೇ ಮಹಡಿಗೆ ಹೋಗಿ ಬಾಗಿಲು ತೆಗೆದರೆ ಆ ಬಾಲ್ಕನಿ ಇತ್ತು, ಇಲ್ಲ ಅನ್ನೋಕಾಗಲ್ಲ. ಅರ್ಧ ಜಾಗದಲ್ಲಿ ಏಸಿಯ ಹೊರಗಿನ ಡಬ್ಬ ಗುಂಯ್ ಅನ್ನುತ್ತಿತ್ತು. ಎದುರಿಗೆ ಪಕ್ಕದ ಕಟ್ಟಡದ ಗೋಡೆ, ಅದರ ಮೇಲಿನಿಂದ ಇಳಿದುಬಂದ ಪೈಪುಗಳು. ಆ ಗೋಡೆಗೂ ಈ ಕಟ್ಟಡಕ್ಕೂ ನಡುವಿನ ಸಂದಿಯಲ್ಲಿ ಒಂದು ಗೇಣು ನಗರ. ವೈಡ್ ಲೆನ್ಸ್ ಹಾಕಿ ಮೂಲೆಯಲ್ಲಿ ನಿಂತು ತೆಗೆದರೆ ಆ ಗೇಣೇ ಫೋಟೋ ತುಂಬ ಹರಡಿಕೊಳ್ಳುತ್ತದೆ.

ಆದರೂ ಸುಮ್ಮನಾಗುತ್ತಿದ್ದೆನೇನೋ. ಮೂರು ರಾತ್ರಿ ತಾನೇ. ಆದರೆ ಅಮ್ಮ ಹೋಗಿ ಕುರ್ಚಿಯಲ್ಲಿ ಕೂತಳು. ಅವಳ ಪಕ್ಕ ನಾನೂ ಮೊಣಕಾಲೂರಿ, ಅವಳ ಕಣ್ಣಿನ ಮಟ್ಟಕ್ಕೆ ನನ್ನ ಕಣ್ಣು ತಂದು ನೋಡಿದೆ. ಎದುರಿಗೆ ಬರೀ ಸಿಮೆಂಟು. ಕಟಕಟೆ ಕಂಬಿಯದಲ್ಲ, ಗಾರೆಯ ಗೋಡೆ. ನಿಂತವರಿಗೆ ಒಂದು ಗೇಣು ನಗರ, ಕೂತವರಿಗೆ ಅದೂ ಇಲ್ಲ. ಯಾರೂ ಬಿದ್ದುಹೋಗಬಾರದು ಅಂತ ಬಾಲ್ಕನಿಯ ಕಟಕಟೆಗೆ ಎತ್ತರದ ನಿಯಮ ಇರುತ್ತದೆ. ಅಮೆರಿಕದಲ್ಲಿ ಹೆಚ್ಚಾಗಿ ಬಳಸುವ ಕಟ್ಟಡ ಸಂಹಿತೆಯಲ್ಲಿ ಹೋಟೆಲಿನಂಥ ಕಟ್ಟಡಕ್ಕೆ ಅದು 42 ಇಂಚು. ಕಂಬಿಗಳಾದರೆ ನಡುವಿನ ಸಂದು 4 ಇಂಚಿನ ಚೆಂಡು ತೂರದಷ್ಟಿರಬೇಕು, ಮಕ್ಕಳ ತಲೆ ಸಿಕ್ಕಬಾರದು ಅಂತ. ಒಳ್ಳೆಯ ನಿಯಮಗಳೇ. ಆದರೆ ಅದೇ 42 ಇಂಚನ್ನು ಗಟ್ಟಿ ಗೋಡೆಯಾಗಿ ಕಟ್ಟಿದರೆ ಕುರ್ಚಿಯಲ್ಲಿ ಕೂತ ಕುಳ್ಳಗಿನ ಮುದುಕಿಗೆ ಸಿಗೋದು ಆಕಾಶ ಮಾತ್ರ. ಬಾಲ್ಕನಿ ಮಾಡೋದು ಕೂರೋಕಲ್ಲವೇ? ರೂಮು ನೋಡಲು ಹೋದವರು ದಯವಿಟ್ಟು ನಿಂತು ನೋಡಿ ಒಪ್ಪಬೇಡಿ. ಕೂತು ನೋಡಿ.

ಸಾಮಾನು ಅಲ್ಲೇ ಬಿಟ್ಟು ಅಮ್ಮನನ್ನೂ ಕರೆದುಕೊಂಡು ಕೆಳಗೆ ಬಂದೆ. ಕೋಪ ಬಂದಿತ್ತು. ಆ ಹುಡುಗ ನನ್ನ ಮಾತನ್ನೆಲ್ಲ ಪೂರ್ತಿ ಕೇಳಿದ. ಆಮೇಲೆ ಕಂಪ್ಯೂಟರ್ ನೋಡುತ್ತ, "ನಿಮಗೆ ವ್ಯೂ ಬೇಕಾ ಮೇಡಂ, ಬಾಲ್ಕನಿ ಬೇಕಾ?" ಅಂದ.

"ಎರಡೂ ಬೇಕು ಅಂತ ತಾನೇ ಬುಕ್ ಮಾಡಿದ್ದು?"

"ಹತ್ತನೇ ಫ್ಲೋರಲ್ಲಿ ಒಂದಿದೆ, ಇಡೀ ಸಿಟಿ ಕಾಣುತ್ತೆ. ಆದ್ರೆ ಫುಲ್ ಗ್ಲಾಸು, ತೆಗೆಯೋಕಾಗಲ್ಲ. ಬಾಲ್ಕನಿ ಬೇಕಂದ್ರೆ ಹಳೇ ಬ್ಲಾಕಲ್ಲಿ ಎರಡನೇ ಫ್ಲೋರಿಂದು ಖಾಲಿ ಇದೆ." ಸ್ವಲ್ಪ ತಡೆದು, ತಪ್ಪೊಪ್ಪಿಕೊಳ್ಳುವ ಹಾಗೆ ದನಿ ಇಳಿಸಿದ. "ಅಲ್ಲಿಂದ ಏನೂ ಕಾಣಲ್ಲ ಮೇಡಂ. ರಸ್ತೆ ಅಷ್ಟೇ."

ನಾನು ಬಾಯಿ ತೆಗೆಯುವ ಮೊದಲೇ ಹಿಂದಿನ ಸೋಫಾದಿಂದ ಅಮ್ಮ, "ರಸ್ತೆ ಕಾಣುತ್ತಲ್ಲ? ಅದನ್ನೇ ಕೊಡಪ್ಪ" ಅಂದಳು.

ಹಳೇ ಬ್ಲಾಕಿಗೆ ಲಿಫ್ಟೂ ಹಳೆಯದೇ. ರೂಮಿನ ಬಾಗಿಲು ತೆಗೆದಾಗ ದೀಪ ಹಾಕಿರಲಿಲ್ಲ, ಆದರೂ ಎದುರು ಗೋಡೆಯ ಮೇಲೆ ಬೀದಿಯ ಬೆಳಕು ಬಿದ್ದು ಅಲ್ಲಾಡುತ್ತಿತ್ತು. ನೆಲದಿಂದ ಮೇಲಿನವರೆಗೂ ಜೋಡಿ ಮರದ ಬಾಗಿಲು, ಹಸಿರು ಬಣ್ಣ, ಕೈಯಾಡಿ ಆಡಿ ನುಣುಪಾದ ಹಿತ್ತಾಳೆ ಚಿಲಕ. ಮೇಲ್ಭಾಗಕ್ಕೆಲ್ಲ ಗಾಜು. ಆಚೆ ಬಾಲ್ಕನಿ, ಒಂದು ಕುರ್ಚಿ ಹಾಕಿದರೆ ಪಕ್ಕದಲ್ಲಿ ಒಂದು ಸ್ಟೂಲು ಹಿಡಿಯುವಷ್ಟು. ಕಟಕಟೆ ಕಬ್ಬಿಣದ್ದು, ಬಳ್ಳಿ ಸುತ್ತಿಕೊಂಡ ಹಾಗೆ ಬಗ್ಗಿಸಿದ್ದರು. ಎಷ್ಟು ಸಲ ಬಣ್ಣ ಬಳಿದಿದ್ದರೋ, ಎಲೆಗಳ ಅಂಚೆಲ್ಲ ಮೊಂಡಾಗಿ ದಪ್ಪಗಾಗಿತ್ತು. ಬಾಗಿಲು ತೆಗೆದ ಕೂಡಲೇ ಏಸಿ ತಾನಾಗಿ ನಿಂತಿತು. ಕೆಟ್ಟುಹೋಯಿತು ಅಂದುಕೊಂಡೆ. ಬಾಗಿಲ ಚೌಕಟ್ಟಿನಲ್ಲಿ ಸಣ್ಣ ಸೆನ್ಸರ್ ಇರುತ್ತದೆ, ತೆಗೆದರೆ ಏಸಿ ನಿಲ್ಲುತ್ತದೆ, ಹಾಕಿದರೆ ಶುರುವಾಗುತ್ತದೆ ಅಂತ ಸಾಮಾನು ತಂದಿಟ್ಟವರು ಹೇಳಿದರು. ಏಸಿ ನಿಂತ ಆ ನಿಶ್ಶಬ್ದದಲ್ಲಿ ಬೀದಿ ಒಳಗೆ ಬಂತು. ಯಾರೋ ಯಾರನ್ನೋ ಕರೆದದ್ದು, ಬಸ್ಸಿನ ಬಾಗಿಲು ಬುಸ್ ಅಂದದ್ದು, ಒಂದು ಶಟರ್ ಇಳಿದದ್ದು.

ಅಮ್ಮ ಕುರ್ಚಿಯಲ್ಲಿ ಕೂತು ಕಂಬಿಗಳ ನಡುವಿನಿಂದ ನೋಡಿದಳು. "ಅಬ್ಬ" ಅಂದಳು, ಅಷ್ಟೇ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಕಮೀಲ್ ಪಿಸಾರೋನ ಪ್ಯಾರಿಸ್ ಚಿತ್ರಗಳನ್ನು ಎಷ್ಟು ವರ್ಷದಿಂದ ಮಕ್ಕಳಿಗೆ ತೋರಿಸುತ್ತ ಬಂದಿದ್ದೇನೋ. 1897ರ ಫೆಬ್ರವರಿಯಲ್ಲಿ ಆತ ಒಂದು ಹೋಟೆಲಿನಲ್ಲಿ ರೂಮು ಹಿಡಿದು, ಕಿಟಕಿಯಿಂದ ಕಾಣುತ್ತಿದ್ದ ಮೊಂಮಾರ್ತ್ರ ಬುಲೆವಾರ್ ಅನ್ನೋ ಒಂದೇ ಬೀದಿಯನ್ನು 14 ಸಲ ಬರೆದ. ಮಂಜಿನಲ್ಲಿ, ಮಳೆಯಲ್ಲಿ, ಬಿಸಿಲಿನಲ್ಲಿ, ಹಬ್ಬದ ಮೆರವಣಿಗೆಯಲ್ಲಿ, ಒಂದು ಚಿತ್ರ ರಾತ್ರಿಯ ದೀಪಗಳಲ್ಲಿ. 'ನೋಡಿ, ಇಲ್ಲಿ ಮನುಷ್ಯ ಅಂದರೆ ಬ್ರಷ್ಷಿನ ಒಂದು ಚುಕ್ಕೆ, ಆದರೂ ನಡೀತಿದಾನೆ ಅಂತ ಗೊತ್ತಾಗುತ್ತೆ' ಅಂತ ಪಾಠ ಮಾಡುತ್ತಿದ್ದೆ. ಆತ ಹೋಟೆಲ್ ರೂಮಿನೊಳಗೆ ಯಾಕೆ ಕೂತ ಅನ್ನೋದನ್ನು ಮಾತ್ರ ಯಾವತ್ತೂ ಹೇಳಲಿಲ್ಲ. ಬಯಲಲ್ಲಿ ನಿಂತು ಚಿತ್ರ ಬರೆದೇ ಬದುಕಿದವನಿಗೆ ಕಣ್ಣೀರಿನ ನಾಳದ ಸೋಂಕು ಮತ್ತೆ ಮತ್ತೆ ಬರುತ್ತಿತ್ತು. ಗಾಳಿ, ಧೂಳು ಕಣ್ಣಿಗೆ ಆಗುತ್ತಿರಲಿಲ್ಲ. ಆಗ ಆತನಿಗೆ 66. ಬೀದಿಗೆ ಇಳಿಯೋಕಾಗದೆ ಗಾಜಿನ ಈಚೆ ಕೂತು ಬರೆದ ಬೀದಿಯದು.

ಮಂಗಳವಾರ ಮಧ್ಯಾಹ್ನ ಪಟ್ಟಿ ಕಟ್ಟಿಸಿಕೊಂಡು ಬಂದ ಅಮ್ಮನನ್ನು ಆ ಹಸಿರು ಬಾಗಿಲು ಮುಚ್ಚಿ, ಗಾಜಿನ ಹಿಂದೆ ಕೂರಿಸಿದೆ. ಆಗ ಇದು ಹೊಳೆಯಿತು. ಅವಳ ಹಿಂದೆ ನಿಂತೇ ಇದ್ದೆ ತುಂಬ ಹೊತ್ತು. ಇಷ್ಟು ವರ್ಷ ಆ ಚಿತ್ರಗಳಲ್ಲಿ ಬಣ್ಣ ತೋರಿಸಿದೆ, ಹಂಬಲ ತೋರಿಸಲೇ ಇಲ್ಲ. ಶಾಲೆ ಶುರುವಾದ ಕೂಡಲೇ ಮೊದಲು ಇದನ್ನು ಹೇಳಬೇಕು.

ಅಮ್ಮ ಮೂರು ದಿನದಲ್ಲಿ ಆ ಬೀದಿಯ ಎಲ್ಲರನ್ನೂ ಪರಿಚಯ ಮಾಡಿಕೊಂಡಳು, ಯಾರ ಹೆಸರೂ ಗೊತ್ತಿಲ್ಲದೆ. ಬಸ್‌ಸ್ಟಾಪಿನಲ್ಲಿ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತುವ ಹುಡುಗಿ; ಆ ಬಸ್ಸಲ್ಲಿ ಅವಳ ಗೆಳತಿ ಮೊದಲೇ ಕೂತಿರುತ್ತಾಳೆ ಅಂತ ಅಮ್ಮನ ಪತ್ತೆ. ನಾಯಿಯನ್ನು ಕರೆದುಕೊಂಡು ಹೋಗುವ ಅಜ್ಜ, ನಾಯಿಯೇ ಅವನನ್ನು ಕರೆದುಕೊಂಡು ಹೋಗೋದು. ಎದುರಿನ ಅಂಗಡಿಯವನು ರಾತ್ರಿ ಶಟರ್ ಇಳಿಸಿ, ಬೀಗ ಹಾಕಿ, ಎರಡು ಸಲ ಎಳೆದು ನೋಡುತ್ತಾನೆ. ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಮೂರನೇ ಸಲ ಎಳೆಯುತ್ತಾನೆ. "ನಿಮ್ಮಪ್ಪನೂ ಹೀಗೇ ಕಣೇ" ಅಂದಳು. ಅಪ್ಪನ ವಿಷಯ ಅವಳಾಗಿ ತೆಗೆದು ಬಹಳ ದಿನವಾಗಿತ್ತು. ಹತ್ತನೇ ಮಹಡಿಯ ಗಾಜಿನಿಂದ ಆ ಮೂರನೇ ಎಳೆತ ಕಾಣುತ್ತಿತ್ತೇ?

ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೇಲ್ ಜೀವಮಾನವಿಡೀ ಇದನ್ನೇ ಹೇಳಿಕೊಂಡು ಬಂದವರು. ಎರಡು ಮೂರು ಮಹಡಿಯವರೆಗೆ ಮೇಲಿದ್ದವರಿಗೂ ಬೀದಿಯಲ್ಲಿದ್ದವರಿಗೂ ಸಂಬಂಧ ಗಟ್ಟಿಯಾಗಿರುತ್ತದೆ, ಮುಖ ಕಾಣುತ್ತದೆ, ಕೂಗಿದರೆ ಕೇಳುತ್ತದೆ. ಐದನೆಯದನ್ನು ದಾಟಿದರೆ ಆ ನಂಟು ಹರಿದುಹೋಗುತ್ತದೆ. ಹೋಟೆಲಿನವರ ಲೆಕ್ಕ ಇದಕ್ಕೆ ತಿರುಗಾಮುರುಗ. ಮೇಲೆ ಹೋದಷ್ಟೂ ದುಬಾರಿ, ಕೆಳಗಿನದು ಯಾರಿಗೂ ಬೇಡದ್ದು. ದೂರದ ದೀಪಗಳು ಚೆಂದವೇ, ನಾನು ಇಲ್ಲ ಅನ್ನಲ್ಲ. ಹತ್ತು ನಿಮಿಷ ನೋಡಿ ಫೋಟೋ ತೆಗೆದುಕೊಂಡು ಪರದೆ ಎಳೆಯುತ್ತೇವೆ. ಬೀದಿಗೆ ಹಾಗಲ್ಲ, ಅಲ್ಲಿ ಮುಂದೇನಾಯಿತು ಅಂತ ಕಾಯಬೇಕು.

ಇನ್ನೊಂದು ಸಲ ರೂಮು ಹುಡುಕುವಾಗ ನಾನು ಹೋಟೆಲಿನವರ ಫೋಟೋ ಬಿಟ್ಟು ಉಳಿದುಕೊಂಡು ಹೋದವರು ಹಾಕಿದ ಫೋಟೋ ನೋಡುತ್ತೇನೆ. 'ಸಿಟಿ ವ್ಯೂ' ಅಂದರೆ ಊರಿನ ಕಡೆ ಮುಖ ಅಂತಷ್ಟೇ, ಎದುರುಗೋಡೆಯೂ ಊರಿನದೇ ಅಂತ ಈಗ ಗೊತ್ತಾಗಿದೆ. 'ಫ್ರೆಂಚ್ ಬಾಲ್ಕನಿ' ಅಂತಿದ್ದರೆ ಅಲ್ಲಿ ಬಾಗಿಲಿಗೆ ಅಂಟಿದ ಕಂಬಿ ಇರುತ್ತದೆ, ಕಾಲಿಡುವ ಜಾಗ ಇರೋದಿಲ್ಲ. ಬುಕ್ ಮಾಡುವ ಮೊದಲು ಹೋಟೆಲಿಗೇ ಫೋನ್ ಮಾಡಿ ಬಾಗಿಲು ಯಾವ ಕಡೆಗೆ ತೆರೆಯುತ್ತೆ, ಕೂತರೆ ಏನು ಕಾಣುತ್ತೆ ಅಂತ ಕೇಳುತ್ತೇನೆ. ನಿಜ ಹೇಳುವವರು ಸಿಗುತ್ತಾರೆ. ಆ ಹುಡುಗ ಹೇಳಿದನಲ್ಲ.

ಅವನ ಮೇಲೆ ಸಿಟ್ಟು ಮಾಡಿಕೊಂಡದ್ದು ತಪ್ಪಾಯಿತು ಅಂತ ಎರಡನೇ ದಿನವೇ ಅನ್ನಿಸಿತು. ಏನೂ ಕಾಣಲ್ಲ, ರಸ್ತೆ ಅಷ್ಟೇ. ಮೊದಲ ದಿನ ಆ 'ಅಷ್ಟೇ' ನನಗೆ ಚುಚ್ಚಿತ್ತು, ನಮಗೆ ಉಳಿದದ್ದನ್ನು ದಾಟಿಸುತ್ತಿದ್ದಾನೆ ಅಂತ. ಆಮೇಲೆ ಯೋಚಿಸಿದರೆ, ಗದ್ದಲ, ನಿದ್ದೆಯಿಲ್ಲ ಅಂತ ಎಷ್ಟು ಜನ ಅವನ ಹತ್ತಿರ ಬೈದು ಹೋಗಿದ್ದಾರೋ. ಅದಕ್ಕೇ ಮೊದಲೇ ಕ್ಷಮೆ ಕೇಳುವ ಹಾಗೆ ಹೇಳಿದ. ಫೋಟೋ ಹಾಕಿದವರು ಮುಚ್ಚಿಟ್ಟದ್ದನ್ನು ಅವನು ಬಾಯಿಬಿಟ್ಟು ಹೇಳಿದ. ಬುಧವಾರ ಕೆಳಗಿಳಿದಾಗ ಗಮನಿಸಿದೆ, ಅವನು ನಿಲ್ಲುವ ಜಾಗಕ್ಕೆ ಕಿಟಕಿಯೇ ಇಲ್ಲ. ಬೆನ್ನ ಹಿಂದೆ ಗೋಡೆ ತುಂಬ ನಗರದ ರಾತ್ರಿಯ ದೊಡ್ಡ ಫೋಟೋ, ದೀಪ ದೀಪ ದೀಪ. ಅದರಲ್ಲಿ ಒಬ್ಬ ಮನುಷ್ಯನಿಲ್ಲ.

ಬುಧವಾರ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಧೂಳಿಲ್ಲದ ಹೊತ್ತಿನಲ್ಲಿ, ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ಹೊರಗೆ ಕೂರಬಹುದು ಅಂದರು ಡಾಕ್ಟರು. ಸಂಜೆ ಮಳೆ ಬಂದು ನಿಂತಿತು. ಬೀದಿ ತೊಳೆದಿಟ್ಟ ಹಾಗಿತ್ತು. ಕುರ್ಚಿ ಒರೆಸಿ ಅಮ್ಮನನ್ನು ಬಾಲ್ಕನಿಯಲ್ಲಿ ಕೂರಿಸಿ, ನಾನು ಸ್ಟೂಲಿನಲ್ಲಿ ಕೂತೆ. ಅಮ್ಮ ಎದುರಿನ ಶಟರನ್ನೇ ನೋಡುತ್ತಿದ್ದಳು. ಕನ್ನಡಕ ಮೇಲಕ್ಕೆತ್ತಿ, ಕಣ್ಣಿಗೆ ತಾಗದ ಹಾಗೆ ಅಂಗೈ ಅಡ್ಡ ಹಿಡಿದು ಎಡಗಣ್ಣು ಮರೆಮಾಡಿದಳು. ಆಮೇಲೆ ಬಲಗಣ್ಣು. ಮತ್ತೆ ಎಡ.

"ಅದು ನೀಲಿ ಕಣೇ!"

"ಯಾವುದು?"

"ಅವನ ಶಟರು. ನಿನ್ನೆ ಬೂದಿ ಬಣ್ಣ ಅಂದ್ಕೊಂಡಿದ್ದೆ. ಈ ಕಣ್ಣಿಗೆ ನೀಲಿ, ಈ ಕಣ್ಣಿಗೆ ಇನ್ನೂ ಬೂದೀನೇ."

ಪೊರೆ ಬಂದ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿಯನ್ನು ತಡೆದುಬಿಡುತ್ತದೆ. ವರ್ಷಗಟ್ಟಲೆ ನಿಧಾನವಾಗಿ ಆಗುವುದರಿಂದ ಕಳೆದುಕೊಂಡದ್ದು ಗೊತ್ತೇ ಆಗಲ್ಲ. ಲಂಡನ್ನಿನ ಸಾವೊಯ್ ಹೋಟೆಲಿನ ಮೇಲಿನ ಮಹಡಿಯಿಂದ 1899 ಮತ್ತು 1901ರ ನಡುವೆ ಥೇಮ್ಸ್ ನದಿಯ ಮಂಜನ್ನು ಅಷ್ಟೊಂದು ಸಲ ಬರೆದ ಚಿತ್ರಕಾರ ಕ್ಲೋದ್ ಮೊನೆಗೂ ಮುಂದೆ ಪೊರೆ ಬಂತು. 1923ರಲ್ಲಿ ಆಪರೇಷನ್ ಆದ ಮೇಲೆ ಎಲ್ಲವೂ ನೀಲಿ ನೀಲಿ ಕಾಣುತ್ತದೆ ಅಂತ ಕಂಗಾಲಾಗಿದ್ದ. ಅಮ್ಮ ಕಂಗಾಲಾಗಲಿಲ್ಲ. ಕೈ ಬದಲಿಸಿ ಬದಲಿಸಿ ಬೀದಿಯಲ್ಲಿದ್ದ ನೀಲಿಯನ್ನೆಲ್ಲ ಹುಡುಕಿದಳು. ಒಂದು ಕೊಡೆ, ಒಂದು ಚೀಲ, ಮಳೆ ನೀರಿನಲ್ಲಿ ಬಿದ್ದ ಆಕಾಶ. ಕತ್ತಲಾಗಿ ಆ ಅಂಗಡಿಯವನು ಮೂರನೇ ಸಲ ಶಟರ್ ಎಳೆದು ಹೋಗುವವರೆಗೂ ನಾವಿಬ್ಬರೂ ಏಳಲಿಲ್ಲ.

ಗುರುವಾರ ರೂಮು ಖಾಲಿ ಮಾಡುವಾಗ ಅದೇ ಹುಡುಗ ಇದ್ದ. ಗದ್ದಲ ಜಾಸ್ತಿಯಾಯ್ತಾ ಅಮ್ಮ ಅಂತ ಕೇಳಿದ. ಅಮ್ಮ ಅವನಿಗೆ ಶಟರಿನವನ ಕತೆ ಹೇಳಿದಳು, ಮೂರನೇ ಬಸ್ಸಿನ ಹುಡುಗಿಯ ಕತೆ ಹೇಳಿದಳು. ಹಿಂದೆ ಸಾಲಿನಲ್ಲಿ ಜನ ನಿಂತಿದ್ದರೂ ಅವನು ಕೇಳಿಸಿಕೊಂಡ. ಮುಂದಿನ ತಿಂಗಳು ಇನ್ನೊಂದು ಕಣ್ಣಿನ ಆಪರೇಷನ್, ಅದೇ ರೂಮು ಬೇಕು ಅಂದಳು. ಅವನು ಕೀಬೋರ್ಡಿನ ಮೇಲೆ ಬೆರಳಿಟ್ಟು ತಲೆ ಎತ್ತಿದ.

"ವ್ಯೂ ಏನಂತ ಹಾಕ್ಲಿ ಅಮ್ಮ?"

"ರಸ್ತೆ ಅಂತ ಹಾಕಪ್ಪ."