ಎಡಗಡೆ ದೀಪದ ಕಳ್ಳ ಕೊನೆಗೂ ಸಿಕ್ಕಿಬಿದ್ದ

ನನ್ನ ಹಳೇ ಗಾಡಿಯ ಎಡಗಡೆ ಹೆಡ್‌ಲೈಟು ಮಂಕಾಗಿ ಉರಿಯೋದು ಯಾಕೆ ಅಂತ ಸಿಕ್ಕಿತು. ಮೂರು ಭಾನುವಾರ, ಎರಡು ಸಲ ಬಿಚ್ಚಿ ಮತ್ತೆ ಸುತ್ತಿದ ಹಾರ್ನೆಸ್ (ವೈರುಗಳ ಕಟ್ಟು), ಸುಟ್ಟುಕೊಂಡ ಒಂದು ಹೆಬ್ಬೆರಳು, ಇಷ್ಟೆಲ್ಲ ಆದಮೇಲೆ ನಿನ್ನೆ ರಾತ್ರಿ ಒಂಬತ್ತೂವರೆಗೆ ಸಿಕ್ಕಿತು. ಅಷ್ಟು ಹೊತ್ತಿಗೆ ಬೈಯೋದಕ್ಕೆ ಯಾರೂ ಬಾಕಿ ಇರಲಿಲ್ಲ. ಬಲ್ಬನ್ನು ಬೈದಿದ್ದೆ, ರಿಲೇಯನ್ನು (ಸಣ್ಣ ಕರೆಂಟಿನ ಸನ್ನೆಗೆ ದೊಡ್ಡ ಕರೆಂಟು ಬಿಡುವ ಸ್ವಿಚ್ಚು) ಬೈದಿದ್ದೆ, ರಿಲೇ ಕಿಟ್ ಕಳಿಸಿದವನನ್ನಂತೂ ಮನಸಾರೆ ಬೈದಿದ್ದೆ. ಅವನಿಗೆ ಅದು ಸಲ್ಲಬೇಕಾದ್ದೇ, ಮುಂದೆ ಹೇಳುತ್ತೇನೆ.

ಗಾಡಿ ತೊಂಬತ್ತರ ದಶಕದ್ದು. ಗಾಜಿನ ಹೆಡ್‌ಲೈಟು, ಒಳಗೆ ಎಚ್4 ಬಲ್ಬು, ಅಂದರೆ ದೂರಕ್ಕೆ ಬೀಳುವ ಹೈಬೀಮ್‌ಗೂ ಹತ್ತಿರಕ್ಕೆ ಬೀಳುವ ಡಿಪ್‌ಗೂ ಒಂದೇ ಬಲ್ಬಿನಲ್ಲಿ ಬೇರೆ ಬೇರೆ ಫಿಲಮೆಂಟು, 60/55 ವ್ಯಾಟ್. ಡಿಪ್‌ನಲ್ಲಿ ಓಡಿಸುವಾಗ ದೀಪ ಹತ್ತಿದೆಯೋ ಇಲ್ಲವೋ ಅಂತ ಇಳಿದು ನೋಡಬೇಕು, ಅಷ್ಟು ಮಂಕು. ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮೊದಲು ಮಾಡಿದೆ. ಡಬ್ಬದ ಮೇಲೆ 'ಬಿಳಿ ಬೆಳಕು' ಅಂತ ಬರೆದಿದ್ದ ನೀಲಿ ಗಾಜಿನ ಬಲ್ಬು ತಂದು ಹಾಕಿದೆ. ಎದುರಿಗೆ ನಿಂತು ನೋಡಿದರೆ ಹೊಸ ಗಾಡಿ ಥರ ಬೆಳ್ಳಗೆ. ಒಳಗೆ ಕೂತು ನೋಡಿದರೆ ಮೊದಲಿಗಿಂತ ಕತ್ತಲೆ. ಹ್ಯಾಲೊಜೆನ್ ಫಿಲಮೆಂಟಿನ ಬೆಳಕು 3200 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸಿನದು, ಹಳದಿ ಕಡೆಗೇ ವಾಲಿರುತ್ತದೆ. ನೀಲಿ ಲೇಪ ಆ ಹಳದಿಯಲ್ಲಿ ಒಂದಷ್ಟನ್ನು ತಡೆಯುತ್ತದೆ, ಅಷ್ಟೇ. ಸೋಸಿದ್ದು ಎಲ್ಲಾದರೂ ಜಾಸ್ತಿ ಆಗುತ್ತಾ?

ಮಧ್ಯೆ ಎಲ್‌ಇಡಿ ಹುಚ್ಚೂ ಹತ್ತಿತ್ತು. ಒಂದೇ ರಾತ್ರಿ ಇತ್ತು, ಬಿಟ್ಟುಹೋಯಿತು. ಎಚ್4 ರಿಫ್ಲೆಕ್ಟರ್ ಮಾಡಿದವರ ಲೆಕ್ಕದಲ್ಲಿ ಫಿಲಮೆಂಟು ಇಂಥದೇ ಜಾಗದಲ್ಲಿ ಇರಬೇಕು, ಡಿಪ್ ಫಿಲಮೆಂಟಿನ ಕೆಳಗೆ ಒಂದು ಪುಟ್ಟ ತಗಡಿನ ಬಟ್ಟಲು ಇರಬೇಕು. ಡಿಪ್ ಬೆಳಕಿನ ಮೇಲಂಚನ್ನು ಗೆರೆ ಎಳೆದ ಹಾಗೆ ಕತ್ತರಿಸೋದು ಆ ಬಟ್ಟಲೇ. ಎಲ್‌ಇಡಿ ಚಿಪ್ ಒಂದೆರಡು ಮಿಲಿಮೀಟರ್ ಆಚೀಚೆ ಕೂತರೂ ಗೆರೆ ಕಲಸಿಹೋಗುತ್ತದೆ. ನನ್ನದರಲ್ಲಿ ಮರದ ಕೊಂಬೆಗಳೆಲ್ಲ ಸೊಗಸಾಗಿ ಕಂಡವು, ರಸ್ತೆ ಮಾತ್ರ ಇಪ್ಪತ್ತು ಮೀಟರಿಗೇ ಮುಗಿಯಿತು. ಎದುರು ಬಂದವರೆಲ್ಲ ಹೈಬೀಮ್ ಮಿಟುಕಿಸಿ ಆಶೀರ್ವಾದ ಮಾಡಿ ಹೋದರು. ಹ್ಯಾಲೊಜೆನ್ ದೀಪದೊಳಗೆ ಹೀಗೆ ಎಲ್‌ಇಡಿ ತುರುಕೋದು ಎಷ್ಟೋ ದೇಶಗಳಲ್ಲಿ ಕಾನೂನಿಗೂ ವಿರುದ್ಧ. ಮನೆಗೆ ಬಂದವನೇ ಬಿಚ್ಚಿಟ್ಟೆ.

ಆಮೇಲೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಮೀಟರ್ ಹಿಡಿದೆ.

ಎಂಜಿನ್ ಚಾಲೂ, ಡಿಪ್ ಆನ್. ಬ್ಯಾಟರಿಯಲ್ಲಿ 14.2 ವೋಲ್ಟ್. ಬಲಗಡೆ ಬಲ್ಬಿನ ಪಿನ್ನುಗಳ ನಡುವೆ 11.9. ಎಡಗಡೆ 11.2. ಎಚ್4 ಡಿಪ್‌ಗೆ 13.2 ವೋಲ್ಟಿನಲ್ಲಿ 1000 ಲ್ಯೂಮೆನ್ ಅಂತ ಲೆಕ್ಕ, ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದ ಹಾಗೆ ಏರಿಳಿಯುತ್ತದೆ. ಲೆಕ್ಕ ಹಾಕಿದರೆ ಬಲಗಡೆ 700, ಎಡಗಡೆ ಬರೀ 570. ಅಂದರೆ ಎಡಗಡೆ ಬಲ್ಬು ಅರ್ಧ ಸಂಬಳಕ್ಕೆ ದುಡಿಯುತ್ತಿತ್ತು. ಹಳೇ ಗಾಡಿಗಳಲ್ಲಿ ಹೆಡ್‌ಲೈಟಿನ ಕರೆಂಟೆಲ್ಲ ಸ್ಟಿಯರಿಂಗ್ ಪಕ್ಕದ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ನೂಲಿನಂಥ ವೈರಿನಲ್ಲಿ ಮುಂದಕ್ಕೆ ಬರುತ್ತದಲ್ವಾ, ದಾರಿಯುದ್ದಕ್ಕೂ ಸುಂಕ. ಎಡಗಡೆ ಯಾಕೆ 0.7 ಕಡಿಮೆ ಅಂತ ಆವತ್ತೇ ಕೇಳಿಕೊಳ್ಳಬೇಕಿತ್ತು. ಬ್ಯಾಟರಿ ಬಲಗಡೆ ಇದೆ, ಎಡಗಡೆಗೆ ವೈರು ಉದ್ದ, ಅದಕ್ಕೇ ಇರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಮಾಧಾನಕ್ಕೆ ಮೂರು ಭಾನುವಾರ ದಂಡ ತೆತ್ತೆ.

ಇದಕ್ಕೆ ಮದ್ದು ರಿಲೇ: ಹಳೇ ಸ್ವಿಚ್ಚು ಬರೀ ಸನ್ನೆ ಮಾಡುತ್ತದೆ, ದೀಪದ ಕರೆಂಟು ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ನೇರ ಬರುತ್ತದೆ. ಅದನ್ನು ಹಾಕೋದು ಹೇಗೆ ಅಂತ ಬರೆಯೋದಿಲ್ಲ. ಕಿಟ್ ಬಗ್ಗೆ ಮಾತ್ರ ಎರಡು ಮಾತು. ವೈರಿನ ಮೇಲೆ 2.5 ಚದರ ಮಿಲಿಮೀಟರ್ ಅಂತ ಅಚ್ಚು. ಸುಲಿದು ನೋಡಿದರೆ ಹೊರಗೆ ರಬ್ಬರಿನ ಕಂಬಳಿ, ಒಳಗೆ ನಾಲ್ಕು ಎಳೆ. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದೆ. ಒಳಗಿಂದ ಬೆಳ್ಳಗೆ ಅಲ್ಯೂಮಿನಿಯಂ ಹಲ್ಲು ಕಿರಿಯಿತು. ತಾಮ್ರ ಬರೀ ಮೇಲಿನ ಪೌಡರು. ವೈರೆಲ್ಲ ಕಿತ್ತೆಸೆದು ನಿಜವಾದ ತಾಮ್ರದ್ದು ಎಳೆದೆ. ರಿಲೇ ಕತೆ ಇನ್ನೂ ಚೆಂದ. ಈ ಹಾರ್ನೆಸ್‌ಗೆ ದೀಪಕ್ಕೆ ಕರೆಂಟು ಕೊಡುವ 87 ನಂಬರಿನ ಪಿನ್ನು ಎರಡು ಇರುವ ರಿಲೇ ಬೇಕು, ಎರಡೂ ಒಳಗೆ ಜೋಡಿಸಿರುವಂಥದ್ದು. ಅವನು ಕಳಿಸಿದ್ದರಲ್ಲಿ ಒಂದು ಸರಿ ಇತ್ತು, ಇನ್ನೊಂದರ ನಡುವಿನ ಪಿನ್ನು 87ಎ. ಆಫ್ ಇದ್ದಾಗ ಕರೆಂಟು ಕೊಡುವ ಪಿನ್ನು ಅದು. ಸ್ವಿಚ್ ಆರಿಸಿ, ಕೀಲಿ ತೆಗೆದು ಜೇಬಿಗಿಟ್ಟುಕೊಂಡು ಹಿಂತಿರುಗಿ ನೋಡಿದರೆ ಬಲಗಡೆ ದೀಪ ಆರಾಮಾಗಿ ಉರಿಯುತ್ತಿದೆ. ಸ್ವಿಚ್ ಹಾಕಿದರೆ ಆರುತ್ತದೆ! ಫೋನ್ ಮಾಡಿದರೆ 'ಎರಡೂ ಒಂದೇ ಸಾರ್, ಬಣ್ಣ ಒಂದೇ ಇದೆಯಲ್ಲ' ಅಂದ.

ಅದನ್ನೂ ಬದಲಾಯಿಸಿ, ನೀಲಿ ಬಲ್ಬು ತೆಗೆದು ಬಣ್ಣವಿಲ್ಲದ ಗಾಜಿನ ಮಾಮೂಲಿ 60/55 ಹಾಕಿ, ದೀಪ ಹೊತ್ತಿಸಿದೆ. ಬಲಗಡೆ 13.6 ವೋಲ್ಟ್, ಗೋಡೆ ಮೇಲೆ ಹಗಲು. ಎಡಗಡೆ 12.1.

ನೋಡ್ತಾ ನೋಡ್ತಾ ಅದೂ ಹೋಯಿತು. ಬಾನೆಟ್ ಮುಚ್ಚಿದ್ದೇ ತಡ, ಎಡಗಡೆ ದೀಪ ಕೆಂಡದ ಬಣ್ಣಕ್ಕೆ ಇಳಿಯಿತು. ಮಗಳನ್ನು ಮುಂದೆ ನಿಲ್ಲಿಸಿ ನಾನು ಒಳಗೆ ಸ್ವಿಚ್ ಆಡಿಸಿದೆ. 'ಅಪ್ಪಾ, ಇದರಲ್ಲಿ ಎರಡು ತಂತಿನೂ ಉರೀತಿದೆ, ಕೆಂಪಗೆ' ಅಂದಳು. ಇಳಿದು ಬಂದು ಫೆಂಡರಿಗೆ ಒಂದು ಗುದ್ದು ಕೊಟ್ಟೆ. ಸರಿಹೋಯಿತು. ಬಾನೆಟ್ ಎತ್ತಿ ಮತ್ತೆ ಮುಚ್ಚಿದೆ. ಮತ್ತೆ ಕೆಂಡ.

ಈ ರೋಗಲಕ್ಷಣ ಅನುಭವಸ್ಥರಿಗೆ ಗೊತ್ತಿರುತ್ತದೆ. ಡಿಪ್‌ಗೂ ಹೈಬೀಮ್‌ಗೂ ಅರ್ಥ್ ಪಿನ್ನು (ಕರೆಂಟು ಗಾಡಿಯ ಬಾಡಿ ಮೂಲಕ ಬ್ಯಾಟರಿ ಮೈನಸ್ಸಿಗೆ ವಾಪಸು ಹೋಗುವ ದಾರಿ) ಒಂದೇ. ಎಡಗಡೆ ಅರ್ಥ್ ತಪ್ಪಿದರೆ ಡಿಪ್ ಫಿಲಮೆಂಟಿಗೆ ಬಂದ ಕರೆಂಟಿಗೆ ವಾಪಸು ಹೋಗೋಕೆ ದಾರಿ ಇಲ್ಲ. ಅದು ಅಡ್ಡದಾರಿ ಹಿಡಿಯುತ್ತದೆ. ಅದೇ ಬಲ್ಬಿನ ಹೈಬೀಮ್ ಫಿಲಮೆಂಟಿನಲ್ಲಿ ನುಸುಳಿ, ಹೈಬೀಮ್ ವೈರಿನಲ್ಲಿ ಉಲ್ಟಾ ಹರಿದು, ಬಲಗಡೆ ಬಲ್ಬಿನ ಹೈಬೀಮ್ ಫಿಲಮೆಂಟಿನ ಮೂಲಕ ಅಲ್ಲಿನ ಅರ್ಥ್ ಸೇರುತ್ತದೆ. ಮೂರು ಫಿಲಮೆಂಟು ಸಾಲಾಗಿ, ಮೂರೂ ಮಿಣಮಿಣ. ಹಾಗಾಗಿ ಕಳ್ಳ ಅರ್ಥ್ ಕಡೆಯವನೇ ಅಂತ ಮೊದಲ ದಿನವೇ ನನಗೆ ಅನುಮಾನ ಇತ್ತು. ಅರ್ಥ್ ವೈರಿನ ರಿಂಗ್ ಲಗ್ (ಬೋಲ್ಟಿಗೆ ಸಿಕ್ಕಿಸುವ ತುದಿಯ ಉಂಗುರ) ಬಿಚ್ಚಿದೆ, ಹೆಡ್‌ಲೈಟ್ ಕೂತಿರುವ ಮುಂದಿನ ತಗಡಿನ ಪೇಂಟನ್ನು ಎಮರಿ ಪೇಪರಿನಲ್ಲಿ ಕನ್ನಡಿ ಆಗುವವರೆಗೆ ಉಜ್ಜಿದೆ, ಹೊಸ ಲಗ್ ಕ್ರಿಂಪ್ ಮಾಡಿ ಬಿಗಿದೆ. ದೀಪ ಆರಿಸಿ ಬ್ಯಾಟರಿ ಮೈನಸ್ಸಿನಿಂದ ಬಲ್ಬಿನ ಪಿನ್ನಿಗೆ ಮೀಟರ್ ಇಟ್ಟೆ. ಬೀಪ್! 0.5 ಓಮ್. ಪ್ರೋಬುಗಳನ್ನೇ ಒಂದಕ್ಕೊಂದು ತಾಗಿಸಿದರೂ ನನ್ನ ಮೀಟರ್ 0.3 ತೋರಿಸುತ್ತದೆ, ಹಾಗಾಗಿ 0.5 ಅಂದರೆ ಏನೂ ಇಲ್ಲ ಅಂದುಕೊಂಡೆ. ಅರ್ಥ್ ನಿರಪರಾಧಿ ಅಂತ ತೀರ್ಪು ಕೊಟ್ಟು ಬಿಡುಗಡೆ ಮಾಡಿದೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ವನವಾಸ. ಬಲ್ಬು ಅದಲುಬದಲು ಮಾಡಿದೆ, ರೋಗ ಎಡಗಡೆಯೇ ಉಳಿಯಿತು. ರಿಲೇ ಅದಲುಬದಲು ಮಾಡಿದೆ, ಅದೇ ಹಾಡು. ಬಲ್ಬಿನ ಹೋಲ್ಡರ್ ಬದಲಾಯಿಸಿದೆ, ಹೆಬ್ಬೆರಳು ಸುಟ್ಟಿದ್ದು ಆಗಲೇ. ಹಾರ್ನೆಸ್ ಪೂರ್ತಿ ಬಿಚ್ಚಿ ರಿಲೇಗೆ ಸನ್ನೆ ಬರುವ 85, 86 ನಂಬರಿನ ಪಿನ್ನುಗಳು ಉಲ್ಟಾ ಆಗಿದೆಯಾ ನೋಡಿದೆ, ಮತ್ತೆ ಟೇಪ್ ಸುತ್ತಿದೆ, ಮತ್ತೆ ಬಿಚ್ಚಿದೆ. ಒಂದು ರಾತ್ರಿ ನಿದ್ದೆ ಬರದೆ ಇನ್ನೊಂದು ಅನುಮಾನ ಹತ್ತಿತು. ಕೆಲವು ಹಳೇ ಜಪಾನಿ ಗಾಡಿಗಳಲ್ಲಿ ಬಲ್ಬಿನ ಸಾಮಾನ್ಯ ಪಿನ್ನಿಗೆ ಪ್ಲಸ್ ಬರುತ್ತದೆ, ಸ್ವಿಚ್ ಆಗೋದು ಅರ್ಥ್ ಕಡೆ. ನನ್ನದೂ ಆ ಜಾತಿಯೇ? ಎದ್ದು ಹೋಗಿ ಟಾರ್ಚ್ ಹಿಡಿದು ನೋಡಿದೆ. ಅಲ್ಲ.

ನಿನ್ನೆ ಬುದ್ಧಿ ಬಂತು. ಬೀಪ್ ಪರೀಕ್ಷೆಯಲ್ಲಿ ಮೀಟರ್ ಕಳಿಸೋದು ಮಿಲಿಆಂಪಿಯರ್ ಲೆಕ್ಕದ ಕರೆಂಟು. ಒಂದೇ ಒಂದು ಎಳೆ ತಾಗಿದ್ದರೂ ಅದು ಖುಷಿಯಾಗಿ ಕೂಗುತ್ತದೆ. ಎಷ್ಟೋ ಮೀಟರುಗಳು ಮೂವತ್ತು ಓಮ್ ಇದ್ದರೂ ಕೂಗುತ್ತವೆ. ಡಿಪ್ ಬಲ್ಬು ಕೇಳೋದು ನಾಲ್ಕೂವರೆ ಆಂಪಿಯರ್. ಕಾಲುದಾರಿಯಲ್ಲಿ ಒಬ್ಬ ನಡೆದು ಹೋದ ಅಂತ ಲಾರಿ ಹೋಗುತ್ತಾ? ಸಾಲದ್ದಕ್ಕೆ, ಬಲ್ಬು ಹಾಕಿಟ್ಟೇ ಅಳೆದಿದ್ದೆ. ತಣ್ಣಗಿರುವ ಫಿಲಮೆಂಟಿನ ಓಮ್ ತುಂಬಾ ಕಮ್ಮಿ. ನಾನು ಮೇಲೆ ಹೇಳಿದ ಅದೇ ಅಡ್ಡದಾರಿ ಮೀಟರಿಗೂ ತೆರೆದೇ ಇತ್ತು.

ಹಾಗಾಗಿ ದೀಪ ಉರಿಸಿಕೊಂಡೇ, ವೋಲ್ಟ್‌ನಲ್ಲಿಟ್ಟು ಅಳೆದೆ. ಕಪ್ಪು ಪ್ರೋಬು ಬ್ಯಾಟರಿ ಮೈನಸ್ಸಿನಲ್ಲಿ ಕದಲದ ಹಾಗೆ ಕ್ಲಿಪ್ ಹಾಕಿ, ಕೆಂಪು ಪ್ರೋಬು ಹಿಡಿದು ಬಲ್ಬಿನಿಂದ ಹೆಜ್ಜೆ ಹೆಜ್ಜೆಗೆ ಹಿಂದಕ್ಕೆ ಬಂದೆ. ಬಲ್ಬಿನ ಅರ್ಥ್ ಪಿನ್ನು: 1.50. ರಿಂಗ್ ಲಗ್: 1.49. ನಾನು ಕನ್ನಡಿ ಮಾಡಿದ್ದ ತಗಡು: 1.48. ಇಲ್ಲಿ ನಿಂತು ಒಂದು ನಿಮಿಷ ಯೋಚಿಸಿದೆ. ವೈರು ಸರಿ, ಲಗ್ ಸರಿ, ತಗಡೇ ಒಂದೂವರೆ ವೋಲ್ಟಿನಲ್ಲಿ ತೇಲುತ್ತಿದೆ! ಆ ತಗಡು ಬಾಡಿಗೆ ಸೇರುವ ಬೋಲ್ಟ್ ದಾಟಿ ಆಚೆ ಕೆರೆದು ಪ್ರೋಬ್ ಇಟ್ಟೆ: 0.05.

ಬೋಲ್ಟ್ ಬಿಚ್ಚಿದೆ. ಹಿಂದಿನ ಮಾಲೀಕ ಎಲ್ಲೋ ಗುದ್ದಿಸಿ ಮುಂದಿನ ತಗಡು ಹೊಸದು ಹಾಕಿಸಿದ್ದಾನೆ. ತಗಡಿನ ಹಿಂಬದಿಗೆ ಪ್ರೈಮರ್, ಅದರ ಮೇಲೆ ಪುಟ್ಟಿ, ಅದರ ಮೇಲೆ ಪೇಂಟು, ಬಾಡಿ ಕಡೆಗೂ ಎರಡು ಕೋಟ್ ಪೇಂಟು, ಮಧ್ಯೆ ನೀರು ಇಳಿಯದಿರಲಿ ಅಂತ ಬೆರಳು ದಪ್ಪ ಸೀಲರ್. ಅಷ್ಟು ಅಚ್ಚುಕಟ್ಟು ಕೆಲಸ ನಾನೂ ಮಾಡಿಲ್ಲ. ಇಡೀ ತಗಡಿಗೆ ಲೋಹದ ನಂಟು ಉಳಿದಿದ್ದು ಒಂದೇ ಬೋಲ್ಟಿನ ತುಕ್ಕು ಹಿಡಿದ ತಿರುಪಿನ ಎರಡು ಸುತ್ತಿನಲ್ಲಿ. ಬಾನೆಟ್ ಮುಚ್ಚಿದಾಗ ಅದೂ ಸಡಿಲ ಆಗುತ್ತಿತ್ತು, ಗುದ್ದಿದಾಗ ಕಚ್ಚಿಕೊಳ್ಳುತ್ತಿತ್ತು. ಬಲಗಡೆ ಅರ್ಥನ್ನು ನಾನು ಬ್ಯಾಟರಿ ಪಕ್ಕದ ಬಾಡಿಗೇ ಬಿಗಿದಿದ್ದೆ, ಹಾಗಾಗಿ ಅದು ಪಾರಾಗಿತ್ತು.

ಎಡಗಡೆ ಅರ್ಥನ್ನು 2.5ರ ವೈರಿನಲ್ಲಿ ನೇರ ಬ್ಯಾಟರಿ ಮೈನಸ್ಸಿಗೆ ಎಳೆದೆ. ಈಗ ಅರ್ಥ್ ಕಡೆ ನಷ್ಟ 0.07, ಬಲ್ಬಿಗೆ 13.5. ತಮಾಷೆ ಅಂದರೆ, ಬಿಳಿ ಬೆಳಕು ಬೇಕು ಅಂತ ತಾನೇ ಇಷ್ಟೆಲ್ಲ ಶುರು ಮಾಡಿದ್ದು, ಮಾಮೂಲಿ ಬಲ್ಬೇ ಈಗ ಬೆಳ್ಳಗೆ ಉರಿಯುತ್ತಿದೆ. ವೋಲ್ಟ್ ಏರಿದರೆ ಫಿಲಮೆಂಟು ಹೆಚ್ಚು ಕಾಯುತ್ತದೆ, ಕಾದಷ್ಟೂ ಹಳದಿ ಕಡಿಮೆ. ಬಲ್ಬಿನ ಆಯಸ್ಸು ಒಂದಷ್ಟು ಹೋಗಬಹುದು. ಹೋಗಲಿ ಬಿಡಿ.

ಸುಮ್ನೆ ಇರಲಿ ಅಂತ ತಗಡಿನಿಂದ ಬಾಡಿಗೂ ಒಂದು ತುಂಡು ವೈರು ಹಾಕಿದೆ. ಆಮೇಲೆ ಯಾಕೋ ಹಾರ್ನ್ ಒತ್ತಿದೆ. ನಾಲ್ಕು ವರ್ಷದಿಂದ ಶೀತ ಹಿಡಿದ ಆಡಿನ ಥರ ಕೂಗುತ್ತಿದ್ದ ಹಾರ್ನು ಬೊಬ್ಬೆ ಹೊಡೆಯಿತು, ಅಷ್ಟು ರಾತ್ರಿಯಲ್ಲಿ, ಪಕ್ಕದ ಮನೆಯವರ ಕಿಟಕಿಯ ಬುಡದಲ್ಲಿ. ಅದು ಕೂತಿದ್ದೂ ಅದೇ ತಗಡಿನ ಮೇಲೆ. ಹೊಸ ಹಾರ್ನ್ ತಗೊಂಡು ಕಪಾಟಿನಲ್ಲಿ ಇಟ್ಟಿದ್ದೇನೆ, ಈಗ ಅದನ್ನೇನು ಮಾಡಲಿ?

ಇದರಿಂದ ವೈಪರ್ ನೆನಪಾಯಿತು. ಜೋರು ಮಳೆಯಲ್ಲಿ ನನ್ನ ವೈಪರ್ ಪೂಜೆಗೆ ಗಂಟೆ ಅಲ್ಲಾಡಿಸಿದ ಹಾಗೆ ನಿಧಾನಕ್ಕೆ ಆಡುತ್ತದೆ. ಮೋಟರ್ ಸವೆದಿದೆ ಅಂತ ಮೆಕ್ಯಾನಿಕ್ ಹೇಳಿದ್ದ, ಬಿಚ್ಚಿ ಗ್ರೀಸ್ ಹಾಕಿಯೂ ಆಗಿತ್ತು. ಮೋಟರ್ ಕೂತಿರೋದು ರಬ್ಬರ್ ಬುಷ್ ಮೇಲೆ, ಅದರ ಅರ್ಥ್ ಒಂದು ಸಣ್ಣ ಪಟ್ಟಿಯಲ್ಲಿ. ಮುಂದಿನ ಭಾನುವಾರ ಓಡಿಸಿಕೊಂಡೇ ವೋಲ್ಟ್ ನೋಡುತ್ತೇನೆ, ಆಮೇಲೆ ಹಿಂದಿನ ಗಾಜಿನ ಹೀಟರ್ ಕೂಡ. ಮೀಟರಿನ ಬೀಪ್ ಬಟನ್ನಿಗೆ ಟೇಪ್ ಅಂಟಿಸಿದ್ದೇನೆ.

ಬೆಳಕಿನ ಗುರಿ ಇಡೋದು ಇನ್ನೂ ಅರ್ಧ ಬಾಕಿ. ಹತ್ತು ಮೀಟರ್ ದೂರದ ಗೋಡೆ, ದೀಪದ ಎತ್ತರಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗೆ ಟೇಪು. ಬಲಗಡೆ ಗೆರೆ ಟೇಪಿನ ಮೇಲೆ ಚೊಕ್ಕವಾಗಿ ಕೂತಿತು. ಎಡಗಡೆ ಸ್ಕ್ರೂ ಕಾಲು ಸುತ್ತು ತಿರುಗಿಸಿದೆ, ಟಕ್ ಅಂತು, ಮೂವತ್ತು ವರ್ಷದ ಪ್ಲಾಸ್ಟಿಕ್ ನಟ್ಟು ಹಪ್ಪಳದ ಥರ ಪುಡಿಯಾಗಿ ಕೈಗೆ ಬಂತು. ಸದ್ಯಕ್ಕೆ ಕೇಬಲ್ ಟೈ ಹಾಕಿ ಕಟ್ಟಿದ್ದೇನೆ, ರಾತ್ರಿ ಗಾಡಿ ಹೊರಗೆ ತೆಗೆಯುತ್ತಿಲ್ಲ. ಆ ನಟ್ಟು ಎಲ್ಲೂ ಇಲ್ಲ, ಇರೋದು ಅದೇ ಕಿಟ್‌ನವನ ಹತ್ತಿರ ಮಾತ್ರ. ಹಲ್ಲು ಕಚ್ಚಿಕೊಂಡು ಆರ್ಡರ್ ಹಾಕಿದ್ದೇನೆ. ಬೇಕಿರೋದು ಒಂದು, ಕೇಳಿರೋದು ಮೂರು. ಮೂರರಲ್ಲಿ ಒಂದಾದರೂ ಸರಿಯಾದ್ದು ಬರಲಿ.