ಊರಿನ ಮದ್ಯದಂಗಡಿಯ ನವೀಕರಣ: ಹಣ ಎಲ್ಲಿಂದ ಬರಬೇಕು?

ಮಿನ್ನೆಸೋಟಾದಲ್ಲಿ ನಾನು ವಾಸಿಸುವ ಊರಿನ ನಗರಸಭೆ ತನ್ನ ಮದ್ಯದಂಗಡಿಯನ್ನು ನವೀಕರಿಸಲು ಹೊರಟಿದೆ. ನಗರಸಭೆಯೇ ಮದ್ಯ ಮಾರುತ್ತದೆ ಎಂದಾಗ ಕರ್ನಾಟಕದ ಗೆಳೆಯರು ಹುಬ್ಬೇರಿಸುತ್ತಾರೆ. ಕರ್ನಾಟಕದಲ್ಲಿ 2003ರಿಂದ ಸಗಟು ಮಾರಾಟವನ್ನು ರಾಜ್ಯ ಪಾನೀಯ ನಿಗಮ ನೋಡಿಕೊಳ್ಳುತ್ತದೆ, ಚಿಲ್ಲರೆಯಲ್ಲಿ ಎಂಎಸ್‌ಐಎಲ್ ಮಳಿಗೆಗಳಿವೆ. ಆದರೆ ಅಬಕಾರಿ ಆದಾಯ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆಯೇ ಹೊರತು, ಊರಿನ ಪುರಸಭೆ ಅಂಗಡಿ ಇಟ್ಟು ಲಾಭವನ್ನು ಊರಿಗೇ ಬಳಸಿಕೊಳ್ಳುವ ಏರ್ಪಾಡು ಇಲ್ಲ. ಇಲ್ಲಿರುವುದು ಆ ಏರ್ಪಾಡು.

1919ರ ಪಾನನಿಷೇಧ ಕಾಯಿದೆಗೆ ಯಾರ ಹೆಸರು ಅಂಟಿಕೊಂಡಿದೆಯೋ ಆ ಆಂಡ್ರ್ಯೂ ವೋಲ್‌ಸ್ಟೆಡ್ ಇದೇ ರಾಜ್ಯದ ಗ್ರಾನೈಟ್ ಫಾಲ್ಸ್‌ನವರು. 1933ರ ಡಿಸೆಂಬರ್‌ನಲ್ಲಿ ನಿಷೇಧ ರದ್ದಾದ ಬಳಿಕ, ಮಾರಾಟ ಹದ್ದುಬಸ್ತಿನಲ್ಲಿರಲಿ ಎಂಬ ಉದ್ದೇಶದಿಂದ ಊರುಗಳು ತಾವೇ ಅಂಗಡಿ ನಡೆಸಲು ಕಾನೂನು ದಾರಿ ಮಾಡಿಕೊಟ್ಟಿತು. ಜನಸಂಖ್ಯೆ 10,000 ಮೀರದ ಊರು ಮಾತ್ರ ಹೊಸದಾಗಿ ಅಂಗಡಿ ತೆರೆಯಬಹುದು. ತೆರೆದ ಮೇಲೆ ಊರು ಬೆಳೆದರೂ ಮುಚ್ಚಬೇಕಾಗಿಲ್ಲ. ಎಡೈನಾ, ಲೇಕ್‌ವಿಲ್, ಈಡನ್ ಪ್ರೇರಿಯಂಥ ದೊಡ್ಡ ಉಪನಗರಗಳಲ್ಲಿ ಇಂದಿಗೂ ಇಂಥ ಅಂಗಡಿಗಳಿರುವುದು ಹೀಗೆ. ರಾಜ್ಯದ ನೂರೈವತ್ತಕ್ಕೂ ಹೆಚ್ಚು ಊರುಗಳು ಈ ವ್ಯಾಪಾರದಲ್ಲಿವೆ, ಅವುಗಳ ಒಟ್ಟು ವಾರ್ಷಿಕ ಮಾರಾಟ ಇತ್ತೀಚೆಗೆ 40 ಕೋಟಿ ಡಾಲರ್ ದಾಟಿದೆ, ಮತ್ತು ಪ್ರತಿಯೊಂದು ಅಂಗಡಿಯ ಲಾಭ ನಷ್ಟವನ್ನೂ ರಾಜ್ಯದ ಲೆಕ್ಕಪರಿಶೋಧಕರ ಕಚೇರಿ ವರ್ಷ ವರ್ಷ ಪ್ರಕಟಿಸುತ್ತದೆ. ಸತತ ಮೂರು ವರ್ಷಗಳಲ್ಲಿ ಎರಡು ವರ್ಷ ನಷ್ಟವಾದರೆ, ಅಂಗಡಿಯನ್ನು ಮುಂದುವರಿಸಬೇಕೇ ಬೇಡವೇ ಎಂದು ನಗರಸಭೆ ಸಾರ್ವಜನಿಕ ಅಹವಾಲು ನಡೆಸಲೇಬೇಕು.

ನವೀಕರಣ ಬೇಕೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ನಮ್ಮ ಅಂಗಡಿಯ ಬಿಯರ್ ಇಡುವ ತಣ್ಣನೆಯ ಕೋಣೆಯ ಬಾಗಿಲನ್ನೇ ನೋಡಿ: ಅಂಚಿನ ರಬ್ಬರ್ ಪಟ್ಟಿ ಹರಿದು, ಅದರ ಮೇಲೆ ಬೂದುಬಣ್ಣದ ಟೇಪು ಸುತ್ತಿ, ಆ ಟೇಪೂ ಸುರುಳಿ ಬಿಚ್ಚಿಕೊಂಡಿದೆ, ಹೊಸ್ತಿಲ ಬಳಿ ನೀರು ಹೀರಲು ಮಡಚಿಟ್ಟ ಟವೆಲು ಇದೆ. ಒಳಗಿನ ಯಂತ್ರ ತಂಪು ಮಾಡಲು ಬಳಸುವುದು ಆರ್-22 ಎಂಬ ಅನಿಲವನ್ನು. ಓಜೋನ್ ಪದರಕ್ಕೆ ಹಾನಿ ಮಾಡುವ ಆ ಅನಿಲದ ಉತ್ಪಾದನೆ ಮತ್ತು ಆಮದು ಅಮೆರಿಕದಲ್ಲಿ 2020ರ ಜನವರಿಯಿಂದ ನಿಂತಿದೆ. ಸೋರಿದರೆ ತುಂಬಲು ಹಳೆಯ ದಾಸ್ತಾನು ಅಥವಾ ಮರುಬಳಕೆಯ ಅನಿಲವೇ ಗತಿ. ಗಾಲಿಕುರ್ಚಿಯಲ್ಲಿ ಬರುವವರಿಗೆ ವೈನ್ ಸಾಲುಗಳ ನಡುವೆ ತಿರುಗಲು ಜಾಗ ಸಾಲದು. ನೆಲದ ಹಾಸು, ದೀಪ, ಸರಕು ಇಳಿಸುವ ಬಾಗಿಲು ಎಲ್ಲವೂ ಮುಗಿದ ಆಯುಸ್ಸಿನವು.

ನನ್ನನ್ನು ಕಾಡುವುದು ಇಷ್ಟೆಲ್ಲ ಒಟ್ಟಿಗೇ ಹೇಗೆ ಹಾಳಾಯಿತು ಎಂಬ ಪ್ರಶ್ನೆ. ಉತ್ತರ ಲೆಕ್ಕಪತ್ರದಲ್ಲೇ ಇದೆ. ಅಂಗಡಿಯ ನಿಧಿ ಉಳಿದ ನಿಧಿಗಳಿಂದ ಪ್ರತ್ಯೇಕವಾಗಿದ್ದು, ಅದರಲ್ಲಿ ಪ್ರತಿ ವರ್ಷ ಸವಕಳಿಯನ್ನು, ಅಂದರೆ ಕಟ್ಟಡ ಮತ್ತು ಯಂತ್ರಗಳು ಸವೆದು ಕಳೆದುಕೊಳ್ಳುವ ಬೆಲೆಯನ್ನು, ಖರ್ಚೆಂದು ಬರೆಯುತ್ತಾರೆ. ಆದರೆ ಸವಕಳಿಗೆ ಯಾರೂ ಚೆಕ್ಕು ಬರೆಯುವುದಿಲ್ಲ, ಆ ಹಣ ನಗದಾಗಿ ಖಾತೆಯಲ್ಲೇ ಉಳಿದಿರುತ್ತದೆ. ಉಳಿದ ನಗದನ್ನು ಕಂಡ ನಗರಸಭೆ, ಲಾಭದ ಜೊತೆಗೆ ಅದನ್ನೂ ಉದ್ಯಾನಕ್ಕೆ, ಐಸ್ ಹಾಕಿ ಆಟದ ಅಂಗಳಕ್ಕೆ, ಸಾಮಾನ್ಯ ನಿಧಿಗೆ ವರ್ಗಾಯಿಸುತ್ತ ಬಂದಿದೆ. ಅವು ಒಳ್ಳೆಯ ಕೆಲಸಗಳೇ, ಅವುಗಳಿಂದ ಆಸ್ತಿ ತೆರಿಗೆಯೂ ಹಗುರಾಯಿತು. ಆದರೂ ತಣ್ಣನೆಯ ಕೋಣೆಗೆಂದು ಎತ್ತಿಡಬೇಕಾಗಿದ್ದ ಹಣ ಉದ್ಯಾನದ ಬೆಂಚುಗಳಾಯಿತು ಎಂಬುದು ಸತ್ಯ, ಮತ್ತು ಈಗ ಬಂದಿರುವುದು ಹೊಸ ಖರ್ಚಲ್ಲ, ನಾವೆಲ್ಲ ಸೇರಿ ಉಳಿಸಿಕೊಂಡ ಹಳೆಯ ಬಾಕಿ.

ಹಣ ಹೊಂದಿಸಲು ದಾರಿಗಳು ಮೂರು. ಅಂಗಡಿಯ ಮೀಸಲು ನಿಧಿ ಒಂದು. ನಗರಸಭೆಯ ಬೇರೊಂದು ನಿಧಿಯಿಂದ ಬಡ್ಡಿಗೆ ಕೈಸಾಲ ಇನ್ನೊಂದು. ಬಾಂಡ್ ಹೊರಡಿಸುವುದು, ಅಂದರೆ ಸಾಲಪತ್ರ ಮಾರಿ ಹೂಡಿಕೆದಾರರಿಂದ ಸಾಲ ಪಡೆಯುವುದು, ಮೂರನೆಯದು. ಬಾಂಡ್‌ನಲ್ಲಿ ಮತ್ತೆ ಎರಡು ಬಗೆ. ಅಂಗಡಿಯ ಆದಾಯವನ್ನಷ್ಟೇ ಆಧಾರವಾಗಿ ತೋರಿಸಿದರೆ ಬಡ್ಡಿ ಹೆಚ್ಚು, ಊರಿನ ತೆರಿಗೆ ವಿಧಿಸುವ ಅಧಿಕಾರವನ್ನೇ ಜಾಮೀನಾಗಿ ಕೊಟ್ಟರೆ ಬಡ್ಡಿ ಕಡಿಮೆ. ಎರಡನೆಯದರಲ್ಲಿ ಅಂಗಡಿ ಸೋತರೆ ಕಂತು ಕಟ್ಟುವವರು ಮನೆ ತೆರಿಗೆ ಕಟ್ಟುವವರೇ ಎಂಬುದನ್ನು ದೊಡ್ಡ ಅಕ್ಷರಗಳಲ್ಲಿ ಹೇಳಬೇಕು.

ಲೆಕ್ಕಕ್ಕೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ, ಇವು ನಮ್ಮ ಊರಿನ ಅಂಕಿಗಳಲ್ಲ. ನವೀಕರಣಕ್ಕೆ 20 ಲಕ್ಷ ಡಾಲರ್ ಬೇಕು, ಅಷ್ಟನ್ನೂ ಶೇ. 4ರ ಬಡ್ಡಿಯಲ್ಲಿ 20 ವರ್ಷಕ್ಕೆ ಸಾಲ ಮಾಡಿದರೆ ವರ್ಷದ ಕಂತು ಸುಮಾರು 1,47,000 ಡಾಲರ್. ಮಾರಾಟದ ಪ್ರತಿ ಡಾಲರಿನಲ್ಲಿ ಸರಕಿನ ವೆಚ್ಚ ಕಳೆದು 25 ಸೆಂಟ್ ಉಳಿಯುತ್ತದೆಂದರೆ, ಆ ಕಂತಿಗಾಗಿಯೇ ವರ್ಷಕ್ಕೆ ಸುಮಾರು 5,88,000 ಡಾಲರ್ ಹೆಚ್ಚುವರಿ ಮಾರಾಟವಾಗಬೇಕು. ಈಗ 50 ಲಕ್ಷದ ವ್ಯಾಪಾರ ಮಾಡುವ ಅಂಗಡಿಗೆ ಇದು ಹೆಚ್ಚುಕಡಿಮೆ ಶೇ. 12ರ ಏರಿಕೆ, ಅದೂ ಸಿಬ್ಬಂದಿಯ ಖರ್ಚು ಒಂದಿಷ್ಟೂ ಏರದಿದ್ದರೆ. ಹೊಸ ದೀಪ, ಹೊಸ ನೆಲ ಕಂಡು ಜನ ಅಷ್ಟು ಹೆಚ್ಚು ಕೊಳ್ಳುತ್ತಾರೆಂದು ನಂಬುವುದು ನನಗೆ ಸಾಧ್ಯವಿಲ್ಲ. ಜನ ಹೆಚ್ಚು ಕುಡಿಯಲಿ ಎಂದು ನಗರಸಭೆ ಬಯಸುವುದಂತೂ ಅಂಗಡಿ ಹುಟ್ಟಿದ ಉದ್ದೇಶಕ್ಕೇ ವಿರುದ್ಧ.

ಅದೇ 20 ಲಕ್ಷದಲ್ಲಿ ಅರ್ಧವನ್ನು ಮೀಸಲಿನಿಂದ ಕೊಟ್ಟು, ಉಳಿದ 10 ಲಕ್ಷವನ್ನು ಅದೇ ಬಡ್ಡಿಯಲ್ಲಿ 10 ವರ್ಷಕ್ಕೆ ಪಡೆದರೆ ಕಂತು ಸುಮಾರು 1,23,000ಕ್ಕೆ ಇಳಿಯುತ್ತದೆ, ಸಾಲವೂ ಅರ್ಧ ಕಾಲದಲ್ಲಿ ತೀರುತ್ತದೆ. ಇದಕ್ಕೆ ಉದ್ಯಾನದ ವರ್ಗಾವಣೆಯನ್ನು ಕೆಲವು ವರ್ಷ ತಗ್ಗಿಸಬೇಕಾಗುತ್ತದೆ. ತಗ್ಗಿಸಲಿ ಎಂದೇ ನನ್ನ ಅಭಿಪ್ರಾಯ.

ಅವಧಿಯ ಬಗ್ಗೆ ನಾನು ಹಟ ಹಿಡಿಯಲು ಕಾರಣವಿದೆ. ಇಲ್ಲಿ ದಿನಸಿ ಅಂಗಡಿಗಳು ವೈನ್ ಮಾರುವಂತಿಲ್ಲ, ಶೇ. 3.2 ಮದ್ಯಾಂಶದ ಬಿಯರ್ ಮಾತ್ರ ಮಾರಬಹುದು. ಈ ನಿರ್ಬಂಧ ಸಡಿಲಿಸುವ ಮಸೂದೆ ಶಾಸನಸಭೆಗೆ ಮತ್ತೆ ಮತ್ತೆ ಬರುತ್ತಿದೆ. ಭಾನುವಾರದ ಮಾರಾಟವೂ ದಶಕಗಳ ಕಾಲ ಹೀಗೆಯೇ ಸೋತು ಸೋತು, ಕೊನೆಗೆ 2017ರ ಜುಲೈನಲ್ಲಿ ಜಾರಿಗೆ ಬಂತು. ಇಪ್ಪತ್ತು ವರ್ಷದ ಸಾಲದ ನಡುವೆ ವೈನ್ ದಿನಸಿ ಅಂಗಡಿಗೆ ಹೋದರೆ ಕಂತು ಕಟ್ಟಲು ಉಳಿಯುವ ವ್ಯಾಪಾರ ಎಷ್ಟು ಎಂದು ಈಗಲೇ ಲೆಕ್ಕ ಹಾಕಿಡಬೇಕು.

ಕಾಮಗಾರಿಯ ವಿಷಯದಲ್ಲಿ ನಿಯಮಗಳೇ ಬಹುಪಾಲು ದಾರಿ ತೋರುತ್ತವೆ. 1,75,000 ಡಾಲರ್ ಮೀರಿದ ಗುತ್ತಿಗೆಗೆ ಮುಚ್ಚಿದ ಲಕೋಟೆಯ ಟೆಂಡರ್ ಕಡ್ಡಾಯ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ ಹೊಸ ವರ್ಷದವರೆಗೆ ಮಾರಾಟ ಉತ್ತುಂಗದಲ್ಲಿರುವುದರಿಂದ ಒಳಗಿನ ಕೆಲಸ ಜನವರಿಯಲ್ಲಿ ಶುರುವಾಗುವುದು ಲೇಸು, ಮತ್ತು ಮೊದಲು ಮುಗಿಯಬೇಕಾದದ್ದು ತಣ್ಣನೆಯ ಕೋಣೆ, ಹೊರಗಿನ ಹೊಸ ಫಲಕವಲ್ಲ.

ನಗರಸಭೆಗೆ ಬರೆದ ಪತ್ರದಲ್ಲಿ ನಾನು ಎರಡು ಸಂಗತಿಗಳನ್ನು ಕೇಳಿದ್ದೇನೆ: ಸಾಲದ ಅವಧಿ 10 ವರ್ಷ ಮೀರಬಾರದು, ಬಾಂಡ್ ನಿರ್ಣಯಕ್ಕೆ ಮತ ಹಾಕುವ ಮೊದಲು, ಪ್ರತಿ ವರ್ಷದ ಸವಕಳಿಯಷ್ಟು ಹಣ ಅಂಗಡಿಯ ಮೀಸಲಿಗೆ ಹೋಗಿ, ಅದರ ಮೇಲೆ ಉಳಿದದ್ದು ಮಾತ್ರ ಉದ್ಯಾನಕ್ಕೆ ಎಂಬ ಲಿಖಿತ ನೀತಿ ಅಂಗೀಕಾರವಾಗಬೇಕು.